ಹಳೇ ಡ್ರೈವರ್ ತೆಗಿ, ಹೊಸಾ ಡ್ರೈವರ್ ಹಾಕು

ನಮ್ಮ ಮನೆಯಲ್ಲಿ ಶೇಂಗಾ ಉಂಡಿ ಇರುವುದು ಒಂದು ಕಪ್ಪು ರಟ್ಟಿನ ಡಬ್ಬಿಯಲ್ಲಿ. ಅದರ ಮೇಲೆ ಕೆಂಪು ಮಿಂಚು, ಮೂರು ಫ್ಯಾನುಗಳ ಚಿತ್ರ, ಚಾಕುವಿನಿಂದ ಕೆತ್ತಿದಂಥ ಇಂಗ್ಲಿಷ್ ಅಕ್ಷರಗಳು. ಒಳಗಿದ್ದ ಸ್ಪಂಜನ್ನು ತೆಗೆದು ಅವ್ವ ಶುಭ್ರವಾದ ಹಾಳೆ ಹಾಸಿದ್ದಾಳೆ. ಮೊನ್ನೆ ಪಕ್ಕದ ಮನೆಯ ಶಾಂತಕ್ಕ ಉಂಡಿ ತಿನ್ನುತ್ತ ಡಬ್ಬಿಯನ್ನು ತಿರುವಿ ಮುರುವಿ ನೋಡಿದರು.

"ಇದೇನ್ರಿ, ಡಬ್ಬಿ ಭಾಳ ಜೋರ್ ಅದ?"

"ನಮ್ಮ ಸುನೀತಾನ ಕಾರ್ಡು ಇದರಾಗೇ ಬಂದಿತ್ರಿ," ಎಂದಳು ಅವ್ವ.

"ಅಯ್ಯ, ಲಗ್ನದ ಕಾರ್ಡೇನ್ರಿ? ನಮಗ ಹೇಳೇ ಇಲ್ಲಲ್ಲ!"

ನಾನು ಚಿತ್ತಾಪುರದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ದಿನಾ ವಾಡಿಯಿಂದ ಹೋಗಿ ಬರುತ್ತೇನೆ. ನನ್ನ ಲಗ್ನದ ಮಾತು ಮನೆಯಲ್ಲಿ ನಿಂತು ಎಷ್ಟೋ ಕಾಲವಾಯಿತು. ಅದು ನಿಂತದ್ದರಿಂದ ನನಗಾಗಲೀ ಲಗ್ನಕ್ಕಾಗಲೀ ನಷ್ಟವಾದಂತಿಲ್ಲ. ಇದು ಗ್ರಾಫಿಕ್ಸ್ ಕಾರ್ಡು, ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೂಡಿಸುವ ಯಂತ್ರ, ದೊಡ್ಡ ದೊಡ್ಡ ಆಟ ಆಡಲು ಬೇಕಾಗುತ್ತದೆ ಎಂದು ಶಾಂತಕ್ಕನಿಗೆ ವಿವರಿಸಿದೆ. ಅವರು ನನ್ನ ಬೈತಲೆಯ ಬಿಳಿಗೂದಲನ್ನು ಒಮ್ಮೆ ನೋಡಿ, ಇನ್ನೊಂದು ಉಂಡಿ ತೆಗೆದುಕೊಂಡರು.

ಆ ಡಬ್ಬಿ ಬಂದ ದಿನ ಈಗಲೂ ನೆನಪಿದೆ. ಅವತ್ತು ಶಾಲೆಗೆ ಅರ್ಧ ದಿನ ರಜೆ ಹಾಕಿದ್ದೆ. ಅರ್ಜಿಯಲ್ಲಿ "ಮನೆಗೆ ಅತಿಥಿಗಳು ಬರುವವರಿದ್ದಾರೆ" ಎಂದು ಬರೆದಿದ್ದೆ. ಪೂರ್ತಿ ಸುಳ್ಳೇನಲ್ಲ. ಆಟದ ಹುಚ್ಚು ನನಗೆ ಹತ್ತಿದ್ದು ಶಹಾಬಾದಿನ ಅತ್ತೆಯ ಮನೆಯಲ್ಲಿ. ಸಣ್ಣವಳಿದ್ದಾಗ ಬ್ಯಾಸಗಿ ಸೂಟಿಗೆ ಅಲ್ಲಿಗೆ ಹೋದರೆ ಅತ್ತೆಯ ನೆರೆಮನೆಯ ಶಬಾನಾ ಜೊತೆ ಟೀವಿಗೆ ಹಚ್ಚುವ ಆಟದ ಕ್ಯಾಸೆಟ್ಟಿನ ಮುಂದೆ ಕೂತುಬಿಡುತ್ತಿದ್ದೆ. ಆಟ ನಡುವೆಯೇ ನಿಂತರೆ ಕ್ಯಾಸೆಟ್ ಕಿತ್ತು, ಅದರ ಬಾಯಿಗೆ ಬಾಯಿಟ್ಟು "ಉಫ್" ಎಂದು ಊದಿ ಮತ್ತೆ ಹಾಕುವುದು. ನಾನು ಊದಿದರೆ ಕೆಲವೊಮ್ಮೆ ಕೇಳುತ್ತಿರಲಿಲ್ಲ, ಶಬಾನಾ ಊದಿದರೆ ತಪ್ಪದೆ ಕೇಳುತ್ತಿತ್ತು. ಅವಳೀಗ ಶಹಾಬಾದಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ. ಊದುವುದಕ್ಕೆ ಮಷೀನು ಬಂದಿದೆ ಎನ್ನುವುದು ಬಿಟ್ಟರೆ ಕಸುಬು ಅದೇ.

ಬಿಡಿ ಭಾಗಗಳನ್ನು ಆರಿಸಿಕೊಟ್ಟವಳೂ ಅವಳೇ. ಜೋಡಿಸುವುದು ಮಾತ್ರ ನಾನೇ ಎಂದು ಹಟ ಹಿಡಿದೆ. ಪಡಸಾಲೆಯ ಪರಸಿಯ ಮೇಲೆ, ಅಂದರೆ ನಮ್ಮ ಕಡೆಯ ಎಲ್ಲ ಮನೆಗಳ ನೆಲದಲ್ಲೂ ಇರುವ ಆ ತಣ್ಣನೆಯ ಶಹಾಬಾದ್ ಕಲ್ಲಿನ ಮೇಲೆ, ಒಂದೊಂದೇ ಸಾಮಾನು ಹರವಿಕೊಂಡು ಕೂತೆ. ಮದರ್‌ಬೋರ್ಡ್ ಎಂಬ ಹೆಸರು ಕೇಳಿ ಅವ್ವನಿಗೆ ಸಮಾಧಾನವಾಯಿತು. "ಎಲ್ಲಾ ಅದರ ಮ್ಯಾಲೇ ಕುಂದ್ರತದೇನು? ಹಂಗಾರ ಹೆಸರು ಬರೋಬರಿ ಇಟ್ಟಾರ," ಎಂದಳು. ಅಪ್ಪ ಏನೂ ಕೇಳಲಿಲ್ಲ. ಆ ದಿನಗಳಲ್ಲಿ ಅವನು ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಅಪ್ಪ ಗೂಡ್ಸ್ ಗಾಡಿಯ ಡ್ರೈವರ್ ಆಗಿದ್ದವನು. ನನ್ನ ಬಾಲ್ಯವೆಲ್ಲ ಪಿಸುಮಾತಿನಲ್ಲಿ ಕಳೆಯಿತು, ಯಾಕೆಂದರೆ ರಾತ್ರಿ ಗಾಡಿ ಹೊಡೆದು ಬಂದ ಅಪ್ಪ ಹಗಲು ಮಲಗಿರುತ್ತಿದ್ದ. ಜಗಳವನ್ನೂ ನಾವು ಪಿಸುಗುಟ್ಟಿಯೇ ಆಡುತ್ತಿದ್ದೆವು. ಡ್ಯೂಟಿಗೆ ಕರೆಯಲು ಸೈಕಲ್ಲಿನ ಮೇಲೆ ಬರುತ್ತಿದ್ದ ರೈಲ್ವೆ ಆಳಿನ ಗಂಟೆ ಕೇಳಿದರೆ ಸಾಕು, ಅವ್ವ ರೊಟ್ಟಿ ತಟ್ಟಲು ಶುರು ಮಾಡುವಳು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬುತ್ತಿ ಸೇರುವಷ್ಟರಲ್ಲಿ ಅಪ್ಪ ಬೂಟು ಹಾಕಿಕೊಂಡು ನಿಂತಿರುತ್ತಿದ್ದ. ಅವ್ವನ ತವರು ಸುಲೇಪೇಟ. ಅಲ್ಲಿಗೆ ರೈಲೇ ಇಲ್ಲ. ಹೀಗಾಗಿ ರೈಲು ಡ್ರೈವರನ ಹೆಂಡತಿ ಜನ್ಮವೆಲ್ಲ ಬಸ್ಸಿನಲ್ಲಿ, ಕಿಟಕಿಯ ಪಕ್ಕ, ಬಾಯಿಗೆ ಸೆರಗು ಹಿಡಿದು ವಾಂತಿ ತಡೆಯುತ್ತ ಓಡಾಡಿದಳು.

ನಿವೃತ್ತಿಗೆ ಇನ್ನೂ ಸಮಯವಿದ್ದಾಗಲೇ ಅಪ್ಪ ಕಣ್ಣಿನ ಪರೀಕ್ಷೆಯಲ್ಲಿ ದೂರದ ಅಕ್ಷರ ಓದಲಾಗದೆ ಸಿಕ್ಕಿಬಿದ್ದ. ಎಂಜಿನ್‌ನಿಂದ ಇಳಿಸಿ ಆಫೀಸಿನ ಕುರ್ಚಿಗೆ ಕೂರಿಸಿದರು. ಉಳಿದ ಡ್ರೈವರುಗಳು ನಿವೃತ್ತಿಯ ದಿನ ಕಡೆಯ ಗಾಡಿ ತಂದು ನಿಲ್ಲಿಸಿದಾಗ ಜೊತೆಗಾರರು ಹಾರ ಹಾಕುತ್ತಿದ್ದರು, ಪೇಢೆ ಹಂಚುತ್ತಿದ್ದರು. ಅಪ್ಪನಿಗೆ ತನ್ನ ಕಡೆಯ ಗಾಡಿ ಯಾವುದೆಂದು ಅದನ್ನು ಹೊಡೆಯುವಾಗ ಗೊತ್ತೇ ಇರಲಿಲ್ಲ. ಆಮೇಲೆ ಅವನು ಮಾತು ಕಡಿಮೆ ಮಾಡಿದ. ನಿವೃತ್ತಿಯ ನಂತರ ಅದೂ ಇಲ್ಲ. ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಜಂಕ್ಷನ್ನಿನ ಕಡೆ ಕಿವಿಯಿಟ್ಟು ಕೂರುವನು.

ಕಂಪ್ಯೂಟರ್ ಜೋಡಿಸಿ, ಗುಂಡಿ ಒತ್ತಿ, ಪರದೆ ಬೆಳಗಿದಾಗ ನಾನು ಹಾಕಿದ ಕೂಗಿಗೆ ಅವ್ವ ಕೈಯಲ್ಲಿ ಲಟ್ಟಣಿಗೆ ಹಿಡಿದೇ ಓಡಿ ಬಂದಳು. ಆಟಗಳನ್ನು ಹುಡುಕುತ್ತಿದ್ದಾಗ ಪುಕ್ಕಟೆ ಸಿಗುವ ರೈಲಿನ ಆಟವೊಂದು ಕಣ್ಣಿಗೆ ಬಿತ್ತು. ಎಂಜಿನ್ನಿನ ಒಳಗೆ ಕೂತು ಗಾಡಿ ಓಡಿಸುವುದು. ಅದು ಯಾವುದೋ ಹಿಮದ ನಾಡು. ಬೆಟ್ಟ, ಸುರಂಗ, ದೇವದಾರು. ಸುಮ್ಮನೆ ನೋಡೋಣವೆಂದು ಹಚ್ಚಿ ಒಂದು ಹಾರ್ನ್ ಹೊಡೆದೆ.

ಹಗಲೂ ರಾತ್ರಿ ಗಾಡಿ ಓಡುವ ವಾಡಿಯಲ್ಲಿ ಹಾರ್ನ್ ಕೇಳಿ ತಲೆ ಎತ್ತುವವರು ಯಾರೂ ಇಲ್ಲ. ಆದರೆ ಅಂಗಳದ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಬಾಗಿಲಲ್ಲಿ ಬಂದು ನಿಂತ.

"ಯಾವ ಗಾಡಿ ಇದು? ಈ ಹಾರ್ನ್ ನಮ್ದಲ್ಲ."

ನಾನು ಪರದೆ ತೋರಿಸಿದೆ. ಅವನು ನನ್ನ ಬೆನ್ನ ಹಿಂದೆ ಬಂದು ನಿಂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವನ ಉಸಿರು ಜೋರಾಯಿತು.

"ಏ, ಸಿಗ್ನಲ್ ಬಂತಲ್ಲ, ನೋಡ್ಲಿಲ್ಲೇನ ನೀ? ಸ್ಪೀಡ್ ಇಳಸು. ಇಳಸು ಅಂತೀನಿ! ಏಳು, ಏಳು ಅಲ್ಲಿಂದ!"

ಎಷ್ಟೋ ತಿಂಗಳಲ್ಲಿ ಅಪ್ಪ ಒಂದೇ ಸಲಕ್ಕೆ ಆಡಿದ ಅತಿ ಉದ್ದದ ಮಾತು ಅದು. ನಾನು ಎದ್ದೆ. ಅವನು ಒಳಗೆ ಹೋಗಿ ಬನಿಯನ್ನಿನ ಮೇಲೆ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು, ಚಾಳೀಸು ಒರೆಸಿಕೊಂಡು ಬಂದು ಕೂತ. ಕೀಬೋರ್ಡಿನ ಕೀಲಿಗಳ ಗುರುತು ಸಿಗಲೆಂದು ಅವ್ವನ ಬಿಂದಿ ತಂದು ಅಂಟಿಸಿದೆ. ಬ್ರೇಕಿಗೆ ಕೆಂಪು, ವೇಗಕ್ಕೆ ಹಸಿರು, ಹಾರ್ನಿಗೆ ಕಲ್ಲಿನ ಹೊಳೆಯುವ ಬಿಂದಿ. ಗಾಡಿ ಹೊರಟಿತು. ನಾನು ಹೊಡೆದಾಗ ಕುಲುಕುತ್ತ ಹೋಗುತ್ತಿದ್ದ ಅದೇ ಗಾಡಿ ಅಪ್ಪನ ಕೈಯಲ್ಲಿ ಎಣ್ಣೆ ಹರಿದಂತೆ ಹರಿಯಿತು.

"ಹಳಿ ಮ್ಯಾಲ ಒಂದು ಎಮ್ಮಿ ಇಲ್ಲ, ಒಬ್ಬ ಮನಷ್ಯಾ ಇಲ್ಲ," ಅಪ್ಪ ನಗುತ್ತಿದ್ದ. "ಎಂಥಾ ದೇಶನೋ ಇದು! ಇಲ್ಲಿ ಡ್ರೈವರಿಗೆ ಕೆಲಸಾರ ಏನದ?"

ಮೊದಲ ಸುರಂಗ ಬಂತು. ಹೊರಗೆ ಬಂದೆವು. ಸೇತುವೆ ಕಂಡಿತು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಕಂಪ್ಯೂಟರಿನ ತಗಡಿನ ಡಬ್ಬದೊಳಗಿನ ಕಾರ್ಡಿನ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಗುಂಯ್ಯೆಂದು ಒದರತೊಡಗಿದವು. ಅಪ್ಪ ಎರಡೂ ಕೈ ಮೇಲೆತ್ತಿ ಕೂತುಬಿಟ್ಟ.

"ನಾ ಏನೂ ಮಾಡಿಲ್ಲವ್ವ!"

ಮತ್ತೆ ಹಚ್ಚಿದೆ. ಅಪ್ಪ ಹೊರಟ. ಈ ಸಲ ಸೇತುವೆ ದಾಟಿತು, ಮುಂದಿನ ತಿರುವಿನಲ್ಲಿ ಕಪ್ಪು. ಮತ್ತೊಮ್ಮೆ, ಸುರಂಗದೊಳಗೇ ಆಯಿತು. ಆರಿತೋ ಕತ್ತಲೆಯೋ ತಿಳಿಯದೆ ಇಬ್ಬರೂ ಸ್ವಲ್ಪ ಹೊತ್ತು ಬೆಳಕಿಗಾಗಿ ಕಾದೆವು. ಆಮೇಲೆ ನಾನು ಕೂತೆ. ನನ್ನ ಕೈಯಲ್ಲಿ ಗಾಡಿ ಕುಲುಕುತ್ತ, ಸಿಗ್ನಲ್ ತಪ್ಪಿಸುತ್ತ, ಬೈಸಿಕೊಳ್ಳುತ್ತ ಕೊನೆಯ ಸ್ಟೇಷನ್ನಿನವರೆಗೂ ಹೋಯಿತು!

"ನಿನ್ನ ಕೈಯಾಗ ನಡೀತದ," ಎಂದ ಅಪ್ಪ ಮೆಲ್ಲಗೆ.

ಶಬಾನಾಗೆ ಫೋನು ಹಚ್ಚಿದೆ. ಕೈಯಲ್ಲಿ ಸ್ಕ್ರೂ ಡ್ರೈವರ್ ಇದ್ದುದರಿಂದ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ಹೀಗೀಗಾಯಿತು ಎಂದು ಹೇಳಿ ಮುಗಿಸುವ ಮೊದಲೇ ಅವಳ ದನಿ ಪಡಸಾಲೆ ತುಂಬ ಮೊಳಗಿತು.

"ಅರೇ ಯಾರ್, ಎಲ್ಲಾ ಡ್ರೈವರಿಂದೇ ತಪ್ಪು! ಡ್ರೈವರ್ ಹಳೇದಾಗಿರ್ತದ, ಸುಮ್ಮಸುಮ್ಮನ ನಡು ಹಾದ್ಯಾಗ ನಿಂದರಸ್ತದ. ಮೊದಲ ಆ ಹಳೇ ಡ್ರೈವರ್ ತೆಗಿ, ಹೊಸಾ ಡ್ರೈವರ್ ಹಾಕು. ಪೂರಾ ತೆಗೀಬೇಕು ನೋಡು, ಒಂಚೂರೂ ಉಳೀಬಾರ್ದು!"

ತಲೆಯೆತ್ತಿ ನೋಡಿದರೆ ಅಪ್ಪ ಇರಲಿಲ್ಲ. ಅಂಗಳದ ಕುರ್ಚಿಯಲ್ಲಿ ಬೆನ್ನು ಈ ಕಡೆ ಮಾಡಿ ಕೂತಿದ್ದ. ಅವನು ಬಿಚ್ಚಿಟ್ಟ ಅಂಗಿ ಗೂಟದ ಮೇಲಿತ್ತು.

ಬಂದ ನಗುವನ್ನು ತಡೆದುಕೊಂಡೆ. ಓಡಿಹೋಗಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ವಿವರಿಸಿದೆ. ಡ್ರೈವರ್ ಎಂದರೆ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಮು. ಕಾರ್ಡಿಗೆ ಕೆಲಸ ಹೇಳಿ ಮಾಡಿಸುವಂಥದ್ದು. ಅದು ಕೆಟ್ಟರೆ ಪರದೆ ಆರುತ್ತದೆ. ಶಬಾನಾ ಹೇಳಿದ್ದು ಅದರ ಬಗ್ಗೆ. ಅಪ್ಪ ಚಾಳೀಸು ತೆಗೆದು ಒರೆಸಿಕೊಂಡ.

"ಅಂವಾನೂ ಡ್ರೈವರನ?"

"ಹೂಂ, ಅಪ್ಪ."

"ಕಣ್ಣು ಟೆಸ್ಟ್ ಮಾಡಸ್ರಿ ಅಂವಂದು," ಎಂದ. ಆದರೆ ಎದ್ದು ಒಳಗೆ ಬರಲಿಲ್ಲ.

ಅಲ್ಲಿಂದ ನನಗೆ ಹಟ ಹತ್ತಿತು. ಶಾಲೆಯಿಂದ ಬಂದವಳೇ ಚಪ್ಪಲಿ ಬಿಡುತ್ತ ಬಿಡುತ್ತ ಕಂಪ್ಯೂಟರಿನ ಗುಂಡಿ ಒತ್ತುವುದು. ಹಳೆಯ ಡ್ರೈವರನ್ನು ಬೇರುಸಹಿತ ಕಿತ್ತು ಹೊಸದನ್ನು ಹಾಕಿದೆ. ಹೊಸದು ಬೇಡವೆನಿಸಿ ಅದಕ್ಕಿಂತ ಹಿಂದಿನದನ್ನು ಹಾಕಿದೆ. ಮೆಮೊರಿಯ ವೇಗ ಇಳಿಸಿದೆ. ನಮ್ಮೂರ ಬಿಸಿಲಿಗೆ ಕಾರ್ಡು ಕುದಿಯುತ್ತಿರಬಹುದೆಂದು ಕೂಲರನ್ನು ಎಳೆದು ತಂದು ಅದರ ಮುಖಕ್ಕೆ ಹಿಡಿದೆ. ಕಾರ್ಡಿನ ಬಿಸಿ ಹದವಾಗೇ ಇತ್ತು, ಕೂಲರಿಲ್ಲದ ಅವ್ವನ ತಲೆ ಬಿಸಿಯಾಯಿತು. ಕಾರ್ಡನ್ನು ಕಿತ್ತು ಮತ್ತೆ ಕೂರಿಸಿದೆ. ಕೀಳುವಾಗ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಮ್ಮೆ "ಉಫ್" ಎಂದು ಊದಿದ್ದೂ ಉಂಟು. ವಿಜ್ಞಾನದ ಟೀಚರ್ ಅಲ್ಲ ನಾನು, ಗಣಿತದವಳು. ಅಷ್ಟು ಸ್ವಾತಂತ್ರ್ಯ ನನಗಿದೆ.

ಒಂದೊಂದು ಸಲ ಏನಾದರೂ ಬದಲಿಸಿದಾಗ ಅನಿಸುತ್ತಿತ್ತು: ಇದೇ ಇರಬೇಕು, ಇದೇ! ಕಾರ್ಡನ್ನು ಹಣ್ಣುಗಾಯಿ ಮಾಡುವ ಪರೀಕ್ಷಾ ಪ್ರೋಗ್ರಾಮೊಂದನ್ನು ಶಬಾನಾ ಕಳಿಸಿದಳು. ಅದನ್ನು ಹಚ್ಚಿಟ್ಟು ಉಂಡು ಬಂದೆ, ಉತ್ತರಪತ್ರಿಕೆ ತಿದ್ದಿದೆ. ಅದು ಸ್ವಲ್ಪವೂ ಅಲುಗದೆ ನಡೆಯಿತು. ಸಂಭ್ರಮದಿಂದ ಅಪ್ಪನನ್ನು ಕೈಹಿಡಿದು ಎಳೆತಂದು ಕೂರಿಸಿದೆ. ಗಾಡಿ ಹೊರಟಿತು, ಸುರಂಗ ಬಂತು, ಪರದೆ ಆರಿತು.

"ನಾ ಕುಂತ್ರ ನಡಿಯಂಗಿಲ್ಲ, ಬಿಡವ್ವ," ಎಂದು ಅಪ್ಪ ಎದ್ದ. "ಅದಕ್ಕೂ ಗೊತ್ತಾಗ್ಯಾದ."

ಆ ಮಾತು ನನಗೆ ಚುಚ್ಚಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ನನಗೂ ಒಳಗೊಳಗೆ ಹಾಗೇ ಅನಿಸತೊಡಗಿದ್ದು. ನಾನು ಕೂತರೆ ನಡೆಯುತ್ತದೆ, ಯಾರೂ ಕೂರದಿದ್ದರೆ ನಡೆಯುತ್ತದೆ, ಅಪ್ಪ ಕೂತರೆ ಇಲ್ಲ. ಮಕ್ಕಳಿಗೆ ನಾನೇ ದಿನಾ ಹೇಳುವ ಮಾತಿದೆ: ಒಂದು ಲೆಕ್ಕದಲ್ಲಿ ಎಲ್ಲ ಒಂದೇ ಇದ್ದು ಉತ್ತರ ಬೇರೆ ಬಂದರೆ, ಎಲ್ಲವೂ ಒಂದೇ ಇಲ್ಲ ಎಂದರ್ಥ. ಹಾಗಾದರೆ ಅಪ್ಪ ಕೂತಾಗ ಏನೋ ಒಂದು ಬೇರೆಯಾಗುತ್ತಿದೆ. ಏನದು?

ಭಾನುವಾರ ಬೆಳಿಗ್ಗೆ ಅಂಗಳಕ್ಕೆ ಹೋಗಿ ಅಪ್ಪನ ಮುಂದೆ ನಿಂತೆ.

"ಅಪ್ಪ, ಬಾ. ನೀ ಗಾಡಿ ಹೊಡೀಬೇಕು."

"ಕೆಡತದ."

"ಕೆಡ್ಲಿ. ಕೆಡಸಾಕೇ ಕರೀಲಿಕತ್ತೀನಿ. ನಾ ಎಷ್ಟು ಆಡಿದ್ರೂ ಅದು ಕೆಡವಲ್ದು. ನೀ ಒಬ್ಬನೇ ಅದನ್ನ ಕೆಡಸಾಂವ. ನೀ ಇಲ್ದ ಈ ಕೆಲಸ ಆಗಂಗಿಲ್ಲ."

ಅಪ್ಪ ನನ್ನ ಮುಖವನ್ನು ವಿಚಿತ್ರವಾಗಿ ನೋಡಿದ. ಆಮೇಲೆ ಗೂಟದ ಮೇಲಿನ ಅಂಗಿ ತೊಟ್ಟು ಬಂದ.

ಕೂತ. ನಾನು ಡಬ್ಬದ ಹಿಂದೆ ಟಾರ್ಚ್ ಹಿಡಿದು, ಕಿವಿ ಹಚ್ಚಿ ಬಗ್ಗಿದೆ. ಅವ್ವ ಅದೇ ಕೋಣೆಯ ನೆಲದ ಮೇಲೆ ಪುಂಡಿ ಸೊಪ್ಪು ಸೋಸುತ್ತ ಕೂತಿದ್ದಳು. ಗಾಡಿ ಹೊರಟಿತು. ಅಪ್ಪ ತನ್ನ ಹಳೆಯ ರೂಢಿಯಂತೆ ಸಿಗ್ನಲ್ಲುಗಳನ್ನು ಗಟ್ಟಿಯಾಗಿ ಹೇಳುತ್ತ ಹೋದ. "ಹಸರು! ... ಹಳದಿ! ... ಹಸರು!" ಸೇತುವೆಯ ಹತ್ತಿರ ಪರದೆ ಕಪ್ಪಾಯಿತು.

"ಅವರು ಕಾಲು ಒತ್ತಿದ್ರು, ಅದು ಆರಿತು," ಎಂದಳು ಅವ್ವ, ಸೊಪ್ಪಿನಿಂದ ಕಣ್ಣೆತ್ತದೆ.

"ಏನಂದಿ?"

"ಕಾಲವ್ವ. ಬಲಗಾಲು. ಆ ಡಬ್ಬಕ್ಕ ಹಚ್ಚಿ ಒತ್ತತಾರ ನೋಡು. ಮೊನ್ನೇನೂ ಒತ್ತಿದ್ರು, ಆರಿತು."

"ಮೊನ್ನೇನೇ ಯಾಕ ಹೇಳ್ಲಿಲ್ಲವ್ವ?"

"ನೀ ನನಗ ಕೇಳಿದೇನು? ಶಬಾನಾಗ ಕೇಳ್ದಿ, ಕಂಪ್ಯೂಟರಿಗೆ ಕೇಳ್ದಿ. ಆ ಕಾಲು ನನಗೇನು ಹೊಸದಾ? ಮಲಗಿದಾಗೂ ಹಂಗೇ ಒತ್ತತಾರ. ನನ್ನ ಮೀನಖಂಡಕ್ಕ ಕೇಳು, ಹೇಳ್ತದ."

ಅಪ್ಪ ತನ್ನ ಬಲಗಾಲನ್ನು ತಾನೇ ಮೊದಲ ಸಲ ಕಂಡವನಂತೆ ನೋಡಿಕೊಂಡ. ನಿಜಕ್ಕೂ ಅದು ಮೇಜಿನ ಕೆಳಗಿದ್ದ ಡಬ್ಬದ ತಗಡಿಗೆ ಅಂಟಿಕೊಂಡಿತ್ತು. ಎಂಜಿನ್ನಿನಲ್ಲಿ ಡ್ರೈವರನ ಕಾಲ ಕೆಳಗೊಂದು ಪೆಡಲ್ ಇರುತ್ತದಂತೆ. ಆಗಾಗ ಅದನ್ನು ಒತ್ತುತ್ತಿರಬೇಕು.

"ನಾ ಎಚ್ಚರ ಅದೀನಿ ಅಂತ ಎಂಜಿನ್‌ಗೆ ಹೇಳೂದು ಅದು," ಅಪ್ಪನ ಮುಖ ಕೆಂಪಾಗಿತ್ತು. "ಒತ್ತಲಿಲ್ಲಂದ್ರ ಡ್ರೈವರ್ ಮಲಗ್ಯಾನ ಅಂತ ತಿಳಕೊಂಡು ತಾನೇ ಬ್ರೇಕ್ ಹಾಕ್ಕೋತದ. ಅಲ್ಲಿ ಒತ್ತಲಿಲ್ಲಂದ್ರ ನಿಲ್ತಿತ್ತು, ಇಲ್ಲಿ ಒತ್ತಿದ್ರ ನಿಲ್ಲಾಕತ್ಯಾದ!"

ನಾನಾದರೋ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವಳು. ನನ್ನ ಕಾಲು ಡಬ್ಬದ ಹತ್ತಿರ ಹೋದದ್ದೇ ಇಲ್ಲ. ತಗಡಿನ ಸ್ಕ್ರೂ ಬಿಚ್ಚಿದೆ. ಕಾರ್ಡಿಗೆ ಕರೆಂಟು ಕೊಡುವ ದಪ್ಪ ವಾಯರು ಹೊರಕ್ಕೆ ಬಾಗಿ ಸರಿಯಾಗಿ ಆ ತಗಡಿಗೇ ತಾಗುತ್ತಿತ್ತು. ಅಪ್ಪ ಒತ್ತಿದಾಗ ತಗಡು ವಾಯರನ್ನು ನೂಕುತ್ತಿತ್ತು, ವಾಯರು ಪ್ಲಗ್ಗನ್ನು ಅಲುಗಿಸುತ್ತಿತ್ತು. ಆ ಪ್ಲಗ್ ಪೂರ್ತಿ ಒಳಗೆ ಹೋಗಿಯೇ ಇರಲಿಲ್ಲ. ಎಲ್ಲಿ ಮುರಿದೀತೋ ಎಂಬ ಭಯದಲ್ಲಿ ನಾನೇ ಅದನ್ನು ಹೊಸ ಸೊಸೆಯ ಗಲ್ಲ ಮುಟ್ಟಿದಂತೆ ಮೆತ್ತಗೆ ಒತ್ತಿ ಬಿಟ್ಟಿದ್ದೆ. ಕಾರ್ಡು ಕಿತ್ತು ಹಾಕಿದಾಗಲೂ ಅದೇ ನಯ, ಅದೇ ನಾಜೂಕು.

"ಅಪ್ಪ, ನಿಂದೇನೂ ಇಲ್ಲ. ಪ್ಲಗ್ ಬರೋಬರಿ ಕುಂತಿಲ್ಲ. ನನ್ನ ಕೈಯಿಂದಾದದ್ದು," ಎಂದೆ.

ಹೆಬ್ಬೆರಳಿಟ್ಟು, ಕಣ್ಣು ಮುಚ್ಚಿ, ಜೀವ ಬಿಟ್ಟು ಒತ್ತಿದೆ. "ಟಕ್" ಎಂದಿತು. ಆಹಾ, ಆ ಸದ್ದು! ಅಷ್ಟು ಸಣ್ಣ ಸದ್ದಿಗೆ ಅಷ್ಟು ಖುಷಿ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ವಾಯರನ್ನು ಒಳಕ್ಕೆ ಸರಿಸಿ ಕಟ್ಟಿದೆ. ಡಬ್ಬವನ್ನು ಎತ್ತಿ ಮೇಜಿನ ಮೇಲಿಟ್ಟೆ. ಅಪ್ಪನ ಬಲಗಾಲಿಗೆ ಅಡುಗೆಮನೆಯಿಂದ ಒಂದು ಮಣೆ ತಂದು ಕೊಟ್ಟೆ. "ಎಷ್ಟು ಬೇಕಾದ್ರೂ ಒತ್ತು," ಎಂದೆ.

ಅಪ್ಪ ಹೊರಟ. ಸುರಂಗ ದಾಟಿತು. ಸೇತುವೆ ಬಂತು; ಮೂವರೂ ಉಸಿರು ಹಿಡಿದೆವು. ಅದೂ ದಾಟಿತು. ತಿರುವು ದಾಟಿತು. ಮಣೆಯ ಮೇಲೆ ಅಪ್ಪನ ಕಾಲು ತಟ್ಟುತ್ತಲೇ ಇತ್ತು, ಪರದೆ ಬೆಳಗುತ್ತಲೇ ಇತ್ತು. ನಾನು ಕೂರಲಾಗದೆ ಕುರ್ಚಿಯ ಹಿಂದೆ ಎಗರುತ್ತಿದ್ದೆ. ಅವ್ವ ಸೊಪ್ಪಿನ ಮೊರ ಬದಿಗಿಟ್ಟು ಎದ್ದು ನಿಂತಳು. ಕಡೆಯ ಸ್ಟೇಷನ್ ದೂರದಲ್ಲಿ ಕಂಡಾಗ ಅಪ್ಪ ವೇಗವನ್ನು ಎಷ್ಟು ಹದವಾಗಿ ಇಳಿಸಿದನೆಂದರೆ, ಗಾಡಿ ನಿಂತದ್ದು ಯಾವಾಗ ಎಂದು ತಿಳಿಯಲೇ ಇಲ್ಲ. ಎಂಜಿನ್ನಿನ ಮೂತಿ ಗುರುತಿನ ಹಲಗೆಗೆ ಸರಿಯಾಗಿ ನಿಂತಿತ್ತು.

ನಾನು ಶಬಾನಾಗೆ ಫೋನು ಹಚ್ಚಿ, "ನಡೀತು! ನಡೀತು!" ಎಂದು ಕಿರುಚಿದೆ. ಅವಳೂ ಅತ್ತ ಕಡೆಯಿಂದ ಕಿರುಚಿದಳು. ಅಪ್ಪ ಫೋನು ಇಸಿದುಕೊಂಡು, "ಅವ್ವಾ ಶಬಾನಾ, ಹಳೇ ಡ್ರೈವರೇ ಚಲೋ ಅದಾನಂತ," ಎಂದ. ಅವಳಿಗೆ ಏನೂ ತಿಳಿಯದೆ, "ಹೌದ್ರಿ ಚಾಚಾ, ಒಮ್ಮೊಮ್ಮೆ ಹಂಗೂ ಇರ್ತದ್ರಿ," ಎಂದಳು.

ಅವ್ವ ಪರದೆಯ ಮುಂದೆ ನಿಂತೇ ಇದ್ದಳು. ಎರಡು ಹಳಿಗಳು ಹಿಮದ ನಡುವೆ ನೇರ ಹೋಗಿ ಬೆಟ್ಟದ ಬುಡದಲ್ಲಿ ಸೇರಿದ್ದವು.

"ಮುಂದ ಕುಂತ್ರ ಹಿಂಗ ಕಾಣ್ತದೇನ್ರಿ?" ಎಂದು ಕೇಳಿದಳು. "ಹಾದಿ ಎಲ್ಲಾ ಮೈಮ್ಯಾಲ ಬಂದಂಗ?"

"ಹೂಂ. ಹಿಂಗೇ."

"ದಿನಾ ಇದನ್ನ ನೋಡ್ತಿದ್ರಿ. ಮನಿಗಿ ಬಂದು ಒಂದಿನಾರ ಹೇಳ್ಲಿಲ್ಲಲ್ಲ."

ಅಪ್ಪ ಕುರ್ಚಿಯಿಂದ ಎದ್ದ. "ಬಾ. ಕುಂದ್ರು," ಎಂದ.

"ನಾನಾ? ಬ್ಯಾಡ್ರಿ! ಬಸ್ಸಿನಾಗೇ ವಾಂತಿ ಆಗ್ತದ ನನಗ."

"ಹೊಡ್ಯಾವರಿಗೆ ವಾಂತಿ ಆಗಂಗಿಲ್ಲ. ಕುಂದ್ರು ಅಂದ್ರ."

ಅವ್ವ ಸೆರಗು ಸಿಕ್ಕಿಸಿಕೊಂಡು ಕೂತಳು. ಕೀಲಿಗಳ ಮೇಲಿನ ಬಿಂದಿಗಳನ್ನು ಅಪ್ಪ ಒಂದೊಂದಾಗಿ ತೋರಿಸಿದ. ಅವಳು ಹಸಿರು ಬಿಂದಿ ಒತ್ತಿದಳು, ಗಾಡಿ ಅಲುಗಿತು. "ಅಯ್ಯಯ್ಯ, ಹೊಂಟ್ತಲ್ರಿ!" ಎಂದು ಕೂಗಿದಳು. ಮತ್ತೆ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಹೊಳೆಯುವ ಬಿಂದಿಯ ರುಚಿ ಹತ್ತಿ, ಬೆಟ್ಟಗಳೆಲ್ಲ ಮಾರ್ದನಿಸುವಂತೆ ಹಾರ್ನ್ ಹೊಡೆಯುತ್ತ ಹೋದಳು. ದೇವದಾರುಗಳು ಎರಡೂ ಕಡೆ ಹಾರಿ ಹೋಗುತ್ತಿದ್ದವು. ನನ್ನ ಅವ್ವನ ಕಣ್ಣು ಅಷ್ಟು ದೊಡ್ಡದಾಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಹಳದಿ!" ಎಂದ ಅಪ್ಪ, ಅವಳ ಪಕ್ಕದ ಸ್ಟೂಲಿನ ಮೇಲೆ ಕೂತು. "ಹಳದಿ ಬಂತು, ಇಳಸು."

"ಇರ್ರಿ."

"ಏ, ಕೆಂಪು! ಕೆಂಪದ ಮುಂದ! ಬ್ರೇಕ್ ಹಾಕು!"

"ಯಾವ ಬಿಂದಿ? ಯಾವ ಬಿಂದಿರಿ?"

ಅವಳ ಬೆರಳು ಹಾರ್ನಿನ ಮೇಲೇ ಇತ್ತು. ಗಾಡಿ ಭರ್ಜರಿಯಾಗಿ ಕೂಗುತ್ತ ಕೆಂಪು ಸಿಗ್ನಲ್ಲನ್ನು ದಾಟಿ ಮುಂದೆ ಹೋಯಿತು. ಪರದೆ ನಿಶ್ಚಲವಾಯಿತು. ನಡುವೆ ಇಂಗ್ಲಿಷಿನಲ್ಲಿ ದಪ್ಪಕ್ಷರದ ಒಂದು ಸಾಲು ಮೂಡಿತು.

ಅಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದ. ರೈಲಿನವರಿಗೆ ಕೆಂಪು ದಾಟುವುದಕ್ಕಿಂತ ದೊಡ್ಡ ಪಾಪವಿಲ್ಲ. ತನ್ನ ಇಡೀ ನೌಕರಿಯಲ್ಲಿ ಅವನು ಒಮ್ಮೆಯೂ ಅದನ್ನು ಮಾಡಿದವನಲ್ಲ.

"ಏನು ಬರದಾರ ಅದರಾಗ?" ಅವ್ವ ನನ್ನನ್ನು ಕೇಳಿದಳು.

"ನಿನ್ನ ಕೆಲಸದಿಂದ ತೆಗದಾರವ್ವ."

ಅವ್ವ ಪರದೆಯನ್ನು ಒಂದು ಕ್ಷಣ ದಿಟ್ಟಿಸಿ ನೋಡಿದಳು. ಬೆವರಿದ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಕುರ್ಚಿಯನ್ನು ಮೇಜಿಗೆ ಇನ್ನೂ ಹತ್ತಿರ ಎಳೆದುಕೊಂಡಳು.

"ತೆಗೀಲಿ," ಎಂದಳು. "ಮತ್ತ ಹಚ್ಚು."